ಕೋಳಿ, ಹಂದಿ, ಹಸುವಿನ ಹೊಟ್ಟೆಯಲ್ಲಿ ಮದ್ದಿಗೆ ಬಗ್ಗದ ಬ್ಯಾಕ್ಟೀರಿಯಾ: ಲೆಕ್ಕ ಇಡುವುದು ಹೇಗೆ?

1994ರಲ್ಲಿ ಡೆನ್ಮಾರ್ಕ್‌ನಲ್ಲಿ ಮನುಷ್ಯರ ಚಿಕಿತ್ಸೆಗೆ ವರ್ಷಪೂರ್ತಿ ಬಳಕೆಯಾದ ವ್ಯಾಂಕೊಮೈಸಿನ್ 24 ಕಿಲೋ. ಬೇರೆ ಔಷಧಗಳು ಕೈಕೊಟ್ಟಾಗ ವೈದ್ಯರು ಕೊನೆಗೆ ಹಿಡಿಯುವ ಆಂಟಿಬಯೋಟಿಕ್ ಅದು. ಅದೇ ವರ್ಷ, ಅದೇ ದೇಶದಲ್ಲಿ, ಪ್ರಾಣಿಗಳ ಫೀಡ್‌ಗೆ ಸೇರಿದ ಅವೊಪಾರ್ಸಿನ್ 24,000 ಕಿಲೋ. ಈ ಅವೊಪಾರ್ಸಿನ್, ವ್ಯಾಂಕೊಮೈಸಿನ್‌ಗೆ ತೀರಾ ಹತ್ತಿರದ ಸಂಬಂಧಿ. ಒಂದಕ್ಕೆ ಬಗ್ಗದ ಬ್ಯಾಕ್ಟೀರಿಯಾ ಇನ್ನೊಂದಕ್ಕೂ ಬಗ್ಗುವುದಿಲ್ಲ.

ಅಷ್ಟೊಂದು ಔಷಧ ಕೊಟ್ಟದ್ದು ಕಾಯಿಲೆ ವಾಸಿ ಮಾಡಲಿಕ್ಕೆ ಅಂದುಕೊಂಡರೆ ತಪ್ಪು. ಆಂಟಿಬಯೋಟಿಕ್ ಅನ್ನು ಸಣ್ಣ ಪ್ರಮಾಣದಲ್ಲಿ ದಿನವೂ ಫೀಡ್‌ಗೆ ಬೆರೆಸಿದರೆ ಕೋಳಿ, ಹಂದಿ ಬೇಗ ಮೈತುಂಬಿಕೊಳ್ಳುತ್ತವೆ, ತಿಂದ ಫೀಡ್‌ಗೆ ತುಸು ಜಾಸ್ತಿ ತೂಕ ಬರುತ್ತದೆ. ಇದು ಹಲವು ದಶಕ ಜಗತ್ತಿನ ತುಂಬ ನಡೆದ ಪದ್ಧತಿ. ಡೆನ್ಮಾರ್ಕ್‌ನವರು 1995ರಲ್ಲಿ ಕೋಳಿಗಳ ಕರುಳಿನಿಂದ ಎಂಟರೋಕಾಕಸ್ ಫೀಸಿಯಂ ಎಂಬ ಬ್ಯಾಕ್ಟೀರಿಯಾ ತೆಗೆದು ಪರೀಕ್ಷಿಸಿದಾಗ, ಅವುಗಳಲ್ಲಿ 72.7% ವ್ಯಾಂಕೊಮೈಸಿನ್‌ಗೆ ಬಗ್ಗಲಿಲ್ಲ. ಆ ಕೋಳಿಗಳಿಗೆ ಯಾರೂ ಎಂದೂ ವ್ಯಾಂಕೊಮೈಸಿನ್ ಕೊಟ್ಟಿರಲಿಲ್ಲ.

ಆ ವರ್ಷದ ಮೇ ತಿಂಗಳಲ್ಲೇ ಡೆನ್ಮಾರ್ಕ್ ಅವೊಪಾರ್ಸಿನ್ ನಿಷೇಧಿಸಿತು. ಐರೋಪ್ಯ ಒಕ್ಕೂಟ 1997ರಲ್ಲಿ ಅದೇ ದಾರಿ ಹಿಡಿಯಿತು. ಆದರೆ ನಿಷೇಧಕ್ಕಿಂತ ದೊಡ್ಡ ಕೆಲಸ ಇನ್ನೊಂದಿತ್ತು. ನಿಷೇಧದಿಂದ ಏನಾದರೂ ಬದಲಾಯಿತಾ ಅಂತ ವರ್ಷವರ್ಷವೂ ನೋಡುವ ವ್ಯವಸ್ಥೆಯನ್ನು ಆ ದೇಶ 1995ರಲ್ಲೇ ಕಟ್ಟಿತು. ಅದರ ಹೆಸರು ಡ್ಯಾನ್‌ಮ್ಯಾಪ್. ಇಂದು ಅನೇಕ ದೇಶಗಳು ಮಾದರಿ ಎಂದು ನೋಡುವುದು ಇದನ್ನೇ. ಪಶುಗಳಲ್ಲಿ ಆಂಟಿಬಯೋಟಿಕ್ ಪ್ರತಿರೋಧವನ್ನು ಗಮನಿಸುವುದು ಅಂದರೆ ನಿಜಕ್ಕೂ ಏನು ಮಾಡುವುದು ಅಂತ ಅರ್ಥವಾಗಬೇಕಾದರೆ ಡೆನ್ಮಾರ್ಕ್‌ನಿಂದಲೇ ಶುರು ಮಾಡುವುದು ಒಳ್ಳೆಯದು.

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳೋಣ

ಪ್ರತಿರೋಧ ಬೆಳೆಸಿಕೊಳ್ಳುವುದು ಬ್ಯಾಕ್ಟೀರಿಯಾ. ಕೋಳಿಯೂ ಅಲ್ಲ, ಅದನ್ನು ತಿಂದ ಮನುಷ್ಯನೂ ಅಲ್ಲ. ಒಂದು ಕೋಳಿಯ ಕರುಳಿನಲ್ಲಿ ಕೋಟಿಗಟ್ಟಲೆ ಬ್ಯಾಕ್ಟೀರಿಯಾ ಇರುತ್ತವೆ. ಅವುಗಳಲ್ಲಿ ಎಲ್ಲೋ ಕೆಲವಕ್ಕೆ ಆ ಔಷಧ ತಡೆದುಕೊಳ್ಳುವ ಜೀನ್ ಇರುತ್ತದೆ. ಔಷಧ ಬಿದ್ದಾಗ ಉಳಿದವು ಸಾಯುತ್ತವೆ, ಇವು ಉಳಿಯುತ್ತವೆ, ಖಾಲಿಯಾದ ಜಾಗದಲ್ಲಿ ಇವೇ ತುಂಬಿಕೊಳ್ಳುತ್ತವೆ. ಇನ್ನೂ ಕಷ್ಟದ ಮಾತು ಅಂದರೆ, ಈ ಜೀನ್‌ಗಳು ಎಷ್ಟೋ ಸಲ ಪ್ಲಾಸ್ಮಿಡ್ ಎಂಬ ಸಣ್ಣ ಡಿಎನ್‌ಎ ಉಂಗುರದ ಮೇಲೆ ಕೂತಿರುತ್ತವೆ. ಆ ಉಂಗುರ ಒಂದು ಬ್ಯಾಕ್ಟೀರಿಯಾದಿಂದ ಇನ್ನೊಂದಕ್ಕೆ, ಒಂದು ಜಾತಿಯಿಂದ ಬೇರೆ ಜಾತಿಗೂ ದಾಟಬಲ್ಲದು. ಹಾಗೆ ದಾಟುವ ದಾರಿಗಳು ಬಹಳ. ಹಸಿ ಮಾಂಸ ಹೆಚ್ಚುವ ಕೈ, ಶೆಡ್‌ನಲ್ಲಿ ದುಡಿಯುವವರು, ಹೊಲಕ್ಕೆ ಹಾಕುವ ಕೋಳಿ ಗೊಬ್ಬರ, ಹರಿದು ಹೋಗುವ ನೀರು.

ಹಾಲಿನಲ್ಲಿ ಆಂಟಿಬಯೋಟಿಕ್ ಪತ್ತೆ, ಸೀಗಡಿ ರಫ್ತು ವಾಪಸ್ ಎಂಬ ಸುದ್ದಿ ಆಗಾಗ ಬರುತ್ತದೆ, ಅಲ್ವಾ? ಅದು ಔಷಧದ ಉಳಿಕೆಯ ಪರೀಕ್ಷೆ. ಹಾಲಿನಲ್ಲೋ ಮಾಂಸದಲ್ಲೋ ಔಷಧ ಇನ್ನೂ ಉಳಿದಿದೆಯಾ ಅಂತ ನೋಡುವುದು. ಪ್ರತಿರೋಧದ ಪರೀಕ್ಷೆಯೇ ಬೇರೆ. ಔಷಧ ಕೊಟ್ಟ ಮೇಲೆ ಲೇಬಲ್‌ನಲ್ಲಿ ಹೇಳಿದಷ್ಟು ದಿನ ಕಾದರೆ ಉಳಿಕೆ ಹೋಗುತ್ತದೆ. ಆ ಔಷಧ ಬೆಳೆಸಿದ ಬ್ಯಾಕ್ಟೀರಿಯಾ ಹೋಗುವುದಿಲ್ಲ. ಹಾಗಾಗಿ ಉಳಿಕೆಯ ಪರೀಕ್ಷೆಯಲ್ಲಿ ಪಾಸಾದ ಕೋಳಿಯಲ್ಲೂ ಮದ್ದಿಗೆ ಬಗ್ಗದ ಬ್ಯಾಕ್ಟೀರಿಯಾ ತುಂಬಿರಬಹುದು. ಎರಡು ಪರೀಕ್ಷೆಯೂ ಬೇಕು. ಒಂದು ಮಾಡಿ ಇನ್ನೊಂದನ್ನೂ ಮಾಡಿದ್ದೇವೆ ಅಂದುಕೊಳ್ಳುವ ಹಾಗಿಲ್ಲ.

ಮೂರು ಪುಸ್ತಕ, ಒಂದೇ ಮೇಜು

ಡ್ಯಾನ್‌ಮ್ಯಾಪ್‌ನ ಶಕ್ತಿ ಇರುವುದು ಮೂರು ಲೆಕ್ಕಗಳನ್ನು ಒಟ್ಟಿಗೆ ಇಟ್ಟು ನೋಡುವುದರಲ್ಲಿ. ಯಾವ ಪ್ರಾಣಿಗೆ ಯಾವ ಔಷಧ ಎಷ್ಟು ಬಳಸಿದರು ಎಂಬುದು ಒಂದು. ಪ್ರಾಣಿಗಳ ಕರುಳಿನ ಮತ್ತು ಮಾಂಸದ ಬ್ಯಾಕ್ಟೀರಿಯಾ ಎಷ್ಟರ ಮಟ್ಟಿಗೆ ಬಗ್ಗುತ್ತಿಲ್ಲ ಎಂಬುದು ಇನ್ನೊಂದು. ಆಸ್ಪತ್ರೆಗೆ ಬಂದ ಮನುಷ್ಯರ ಸೋಂಕಿನಲ್ಲಿ ಏನು ಕಾಣುತ್ತಿದೆ ಎಂಬುದು ಮೂರನೆಯದು. ಪ್ರಾಣಿ ಮತ್ತು ಆಹಾರದ ಕೆಲಸವನ್ನು ಡೆನ್ಮಾರ್ಕ್‌ನ ತಾಂತ್ರಿಕ ವಿಶ್ವವಿದ್ಯಾಲಯದ ಆಹಾರ ಸಂಸ್ಥೆ ನೋಡಿಕೊಳ್ಳುತ್ತದೆ. ಮನುಷ್ಯರ ಕೆಲಸ ಸ್ಟೇಟನ್ಸ್ ಸೀರಂ ಇನ್‌ಸ್ಟಿಟ್ಯೂಟ್‌ನದು. ಕೃಷಿ ಸಚಿವಾಲಯ, ಆರೋಗ್ಯ ಸಚಿವಾಲಯ ಎರಡೂ ಇದರ ಹಿಂದಿವೆ. ವರದಿ ಮಾತ್ರ ಒಂದೇ, ವರ್ಷಕ್ಕೊಮ್ಮೆ.

ಇದರಲ್ಲಿ ಯಾವುದೇ ಒಂದು ಲೆಕ್ಕವನ್ನು ಕಿತ್ತು ತೆಗೆದರೂ ಉಳಿದ ಎರಡು ಅರ್ಧಂಬರ್ಧ ಆಗುತ್ತವೆ. ಅದು ಹೇಗೆ ಅನ್ನುವುದು ಹಂದಿಗಳ ಕತೆಗೆ ಬಂದಾಗ ಗೊತ್ತಾಗುತ್ತದೆ. ಅದಕ್ಕೂ ಮೊದಲು, ಸ್ಯಾಂಪಲ್ ಬರುವುದು ಎಲ್ಲಿಂದ?

ಕಾಯಿಲೆ ಬಿದ್ದ ಪ್ರಾಣಿಗಳಿಂದ ತೆಗೆಯಬೇಕು ಅಂತ ಮೊದಲು ಅನ್ನಿಸುತ್ತದೆ. ಆದರೆ ಅದರಲ್ಲೊಂದು ತೊಡಕಿದೆ. ಪಶುವೈದ್ಯರು ಲ್ಯಾಬ್‌ಗೆ ಸ್ಯಾಂಪಲ್ ಕಳಿಸುವುದು ಸಾಮಾನ್ಯವಾಗಿ ಮೊದಲ ಔಷಧ ಕೆಲಸ ಮಾಡದಿದ್ದಾಗ. ಅಂಥ ಸ್ಯಾಂಪಲ್‌ಗಳನ್ನೇ ಎಣಿಸಿದರೆ ಪ್ರತಿರೋಧ ಇರುವುದಕ್ಕಿಂತ ಬಹಳ ಜಾಸ್ತಿ ಕಾಣುತ್ತದೆ. ಅದಕ್ಕೇ ಆರೋಗ್ಯವಾಗಿರುವ ಪ್ರಾಣಿಗಳನ್ನು, ಅದೂ ಕಸಾಯಿಖಾನೆಗೆ ಬಂದಾಗ, ಆರಿಸುತ್ತಾರೆ. ಕರುಳಿನ ಒಂದು ಭಾಗದಿಂದ ಒಳಗಿನ ವಸ್ತು ತೆಗೆಯುತ್ತಾರೆ. ಒಂದೇ ಫಾರಂನ ಹತ್ತು ಕೋಳಿ ತೆಗೆದರೆ ಹತ್ತೂ ಒಂದೇ ಕತೆ ಹೇಳುತ್ತವೆ, ಹಾಗಾಗಿ ಒಂದು ಫಾರಂಗೆ ಒಂದೇ ಸ್ಯಾಂಪಲ್. ಐರೋಪ್ಯ ಒಕ್ಕೂಟದ ನಿಯಮದ ಪ್ರಕಾರ ಸಾಮಾನ್ಯವಾಗಿ ಒಂದು ದೇಶ ಒಂದು ಬಗೆಯ ಪ್ರಾಣಿಗೆ 170 ಇ. ಕೊಲೈ ಬ್ಯಾಕ್ಟೀರಿಯಾಗಳನ್ನು ಪರೀಕ್ಷಿಸಬೇಕು. ಕೋಳಿಗಳ ಸರದಿ ಒಂದು ವರ್ಷ, ಹಂದಿ ಮತ್ತು ಕರುಗಳದ್ದು ಮರುವರ್ಷ.

ಇ. ಕೊಲೈ ಯಾಕೆ? ಬೆಚ್ಚಗಿನ ರಕ್ತದ ಎಲ್ಲ ಪ್ರಾಣಿಗಳ ಕರುಳಿನಲ್ಲೂ ಅದು ಸಿಗುತ್ತದೆ, ಕೋಳಿಯಲ್ಲೂ ಹಸುವಿನಲ್ಲೂ ನಮ್ಮಲ್ಲೂ. ಬಹುಪಾಲು ಯಾವ ತೊಂದರೆಯನ್ನೂ ಮಾಡದೆ ಸುಮ್ನೆ ಇರುತ್ತದೆ. ಆದರೆ ಸುತ್ತಮುತ್ತ ಓಡಾಡುವ ಪ್ರತಿರೋಧದ ಜೀನ್‌ಗಳನ್ನು ಬೇಗ ಎತ್ತಿಕೊಳ್ಳುತ್ತದೆ. ಆ ಕರುಳಿನ ಮೇಲೆ ಎಷ್ಟು ಔಷಧದ ಒತ್ತಡ ಬಿದ್ದಿದೆ ಅಂತ ತಿಳಿಯಲು ಅದೇ ಸಾಕು.

ತಟ್ಟೆಯ ಮೇಲೆ ಕಾಣುವುದೇನು

ಲ್ಯಾಬ್‌ನಲ್ಲಿ ನಡೆಯುವ ಕೆಲಸವನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಇಡೀ ವರದಿಯ ನಂಬಿಕೆ ನಿಂತಿರುವುದು ಇದರ ಮೇಲೆ.

ಅಂಗೈಯಗಲದ ಒಂದು ಪ್ಲಾಸ್ಟಿಕ್ ತಟ್ಟೆ. ಅದರಲ್ಲಿ 96 ಪುಟ್ಟ ಕುಳಿಗಳು. ಪ್ರತಿ ಕುಳಿಯ ತಳದಲ್ಲೂ ಮೊದಲೇ ಅಳೆದು ಒಣಗಿಸಿದ ಔಷಧ ಇರುತ್ತದೆ. ಸಿಪ್ರೊಫ್ಲಾಕ್ಸಾಸಿನ್ ತೆಗೆದುಕೊಳ್ಳಿ. ಮೊದಲ ಕುಳಿಯಲ್ಲಿ ಲೀಟರಿಗೆ 0.015 ಮಿಲಿಗ್ರಾಂ ಆಗುವಷ್ಟು. ಮುಂದಿನದರಲ್ಲಿ 0.03. ಆಮೇಲೆ 0.06, 0.12, 0.25, 0.5, ಹೀಗೆ ದುಪ್ಪಟ್ಟಾಗುತ್ತಾ 8ರವರೆಗೆ. ಕೋಳಿಯಿಂದ ಬೇರ್ಪಡಿಸಿದ ಬ್ಯಾಕ್ಟೀರಿಯಾವನ್ನು ಪೋಷಕ ದ್ರವದಲ್ಲಿ ಕಲಸಿ ಎಲ್ಲ ಕುಳಿಗೂ ಒಂದೇ ಅಳತೆಯಲ್ಲಿ ಹಾಕುತ್ತಾರೆ. ಮೈಶಾಖದಷ್ಟು ಬೆಚ್ಚಗೆ ರಾತ್ರಿಯಿಡೀ ಇಡುತ್ತಾರೆ. ಮರುದಿನ ತಟ್ಟೆಯನ್ನು ಬೆಳಕಿಗೆ ಹಿಡಿದರೆ, ಬ್ಯಾಕ್ಟೀರಿಯಾ ಬೆಳೆದ ಕುಳಿ ಕದಡಿದಂತೆ ಬೆಳ್ಳಗೆ ಕಾಣುತ್ತದೆ. ಬೆಳೆಯಲಾಗದ ಕುಳಿ ತಿಳಿಯಾಗಿರುತ್ತದೆ. ಬಿಳುಪು ನಿಂತು ತಿಳಿ ಶುರುವಾಗುವ ಮೊದಲ ಕುಳಿ ಯಾವುದೋ, ಅದರ ಅಳತೆಯೇ ಆ ಬ್ಯಾಕ್ಟೀರಿಯಾವನ್ನು ತಡೆಯಲು ಬೇಕಾದ ಕನಿಷ್ಠ ಪ್ರಮಾಣ.

ಇಷ್ಟು ಸರಳ. ಕಷ್ಟ ಬರುವುದು ಗೆರೆ ಎಳೆಯುವಾಗ. ಎಷ್ಟರ ಮೇಲೆ ಹೋದರೆ ಬಗ್ಗಲಿಲ್ಲ ಅನ್ನಬೇಕು? ಆಸ್ಪತ್ರೆಯ ವೈದ್ಯರ ಪ್ರಶ್ನೆ, ಈ ಔಷಧ ಕೊಟ್ಟರೆ ರೋಗಿ ಗುಣವಾಗುತ್ತಾನಾ ಎಂಬುದು. ಯುರೋಪಿನಲ್ಲಿ ಇ. ಕೊಲೈ ವಿರುದ್ಧ ಸಿಪ್ರೊಫ್ಲಾಕ್ಸಾಸಿನ್‌ಗೆ ಅವರು ಬಳಸುವ ಗೆರೆ 0.5. ಅದಕ್ಕಿಂತ ಮೇಲೆ ಹೋದರೆ ಔಷಧ ಕೆಲಸ ಮಾಡುವುದಿಲ್ಲ ಅಂತ ಲೆಕ್ಕ. ಪಶುಗಳಲ್ಲಿ ಗಮನಿಸುವವರ ಪ್ರಶ್ನೆ ಬೇರೆ. ಈ ಬ್ಯಾಕ್ಟೀರಿಯಾ ತನ್ನ ಸಹಜ ಗುಣದಿಂದ ಸ್ವಲ್ಪವಾದರೂ ಬದಲಾಗಿದೆಯಾ ಅಂತ ಅವರು ನೋಡುತ್ತಾರೆ. ಅವರ ಗೆರೆ 0.06. ಈಗ 0.25ರಲ್ಲಿ ನಿಂತ ಬ್ಯಾಕ್ಟೀರಿಯಾವನ್ನು ನೋಡಿ. ಆಸ್ಪತ್ರೆಯ ವರದಿಯಲ್ಲಿ ಅದು ಔಷಧಕ್ಕೆ ಬಗ್ಗುವಂಥದ್ದು, ಪಶುಗಳ ವರದಿಯಲ್ಲಿ ಬಗ್ಗದ್ದು. ಎರಡೂ ಸರಿ. ಬದಲಾವಣೆಯನ್ನು ಮೊದಲ ಹೆಜ್ಜೆಯಲ್ಲೇ ಹಿಡಿಯಬೇಕಾದರೆ ಕೆಳಗಿನ ಗೆರೆಯೇ ಬೇಕು. ಆದರೆ ಯಾವ ಗೆರೆ ಬಳಸಿದ್ದಾರೆ ಅಂತ ನೋಡದೆ ಎರಡು ವರದಿಯ ಶೇಕಡಾಗಳನ್ನು ಪಕ್ಕಪಕ್ಕ ಇಟ್ಟು ಹೋಲಿಸಿದರೆ ದಾರಿ ತಪ್ಪುವುದು ಖಂಡಿತ. ಕೋಳಿಯಲ್ಲಿ ಇಷ್ಟು ಶೇಕಡಾ ಎಂಬ ತಲೆಬರಹ ಓದುವಾಗ ನಾನು ಮೊದಲು ಹುಡುಕುವುದು ಈ ಗೆರೆಯನ್ನೇ.

ಹುಡುಕುವ ವಿಧಾನವೂ ಹೀಗೆಯೇ. ಡೆನ್ಮಾರ್ಕ್‌ನ ಕೋಳಿಗಳಲ್ಲಿ ವ್ಯಾಂಕೊಮೈಸಿನ್‌ಗೆ ಬಗ್ಗದ ಎಂಟರೋಕಾಕಸ್ 72.7%ರಿಂದ 2000ರ ಹೊತ್ತಿಗೆ 5.8%ಗೆ ಇಳಿಯಿತು. ಇದು, ಸಿಕ್ಕ ಬ್ಯಾಕ್ಟೀರಿಯಾಗಳಲ್ಲಿ ಯಾವುದೋ ಒಂದನ್ನು ಆರಿಸಿ ಪರೀಕ್ಷಿಸಿದಾಗ ಬಂದ ಲೆಕ್ಕ. ನಿಷೇಧವಾಗಿ 15 ವರ್ಷ ಕಳೆದ ಮೇಲೆ, ಬ್ಯಾಕ್ಟೀರಿಯಾ ಬೆಳೆಸುವ ಪೋಷಕದಲ್ಲೇ ವ್ಯಾಂಕೊಮೈಸಿನ್ ಬೆರೆಸಿ ಬಗ್ಗದವು ಮಾತ್ರ ಬೆಳೆಯುವಂತೆ ಮಾಡಿ ಹುಡುಕಿದಾಗ, ಅವು ಕೋಳಿಗಳಲ್ಲಿ ಇನ್ನೂ ಸಿಕ್ಕವು. ಪ್ರಮಾಣ ಕುಸಿದಿದೆ, ಪೂರ್ತಿ ಮಾಯವಾಗಿಲ್ಲ. ಎರಡೂ ಮಾತು ಒಟ್ಟಿಗೆ ನಿಜ. ಪ್ರತಿರೋಧವನ್ನು ಬೆಳೆಸುವುದು ಬೇಗ, ಬೇರುಸಮೇತ ಕೀಳುವುದು ಬಹಳ ನಿಧಾನ ಅನ್ನುವುದಕ್ಕೆ ಇದಕ್ಕಿಂತ ಸ್ಪಷ್ಟ ಸಾಕ್ಷಿ ನನಗೆ ಗೊತ್ತಿಲ್ಲ.

ಹಂದಿಗಳಲ್ಲಿ ಯಾಕೆ ಇಳಿಯಲಿಲ್ಲ?

ಕೋಳಿಗಳಲ್ಲಿ ಹೀಗೆ ಇಳಿಯುತ್ತಿದ್ದಾಗ ಹಂದಿಗಳ ಅಂಕಿ ಅಲ್ಲಾಡಲಿಲ್ಲ. ಅವೊಪಾರ್ಸಿನ್ ಹಂದಿಗಳಿಗೂ ನಿಂತಿತ್ತು. ಆದರೂ 1997ರವರೆಗೆ ಸುಮಾರು 20% ಎಂಟರೋಕಾಕಸ್ ಫೀಸಿಯಂ ವ್ಯಾಂಕೊಮೈಸಿನ್‌ಗೆ ಬಗ್ಗದೆ ಹಾಗೇ ಉಳಿದವು. ನಿಷೇಧ ಪ್ರಯೋಜನವಿಲ್ಲ ಅಂತ ವಾದಿಸುವವರಿಗೆ ಇದು ಒಳ್ಳೆಯ ಅಸ್ತ್ರ ಆಗಬಹುದಿತ್ತು.

ಕಾರಣ ಸಿಕ್ಕಿದ್ದು ಔಷಧ ಬಳಕೆಯ ಲೆಕ್ಕ ಮತ್ತು ಜೀನ್‌ಗಳ ಪರೀಕ್ಷೆ ಎರಡನ್ನೂ ಜೋಡಿಸಿ ನೋಡಿದಾಗ. ಹಂದಿಗಳ ಫೀಡ್‌ಗೆ ಟೈಲೋಸಿನ್ ಎಂಬ ಇನ್ನೊಂದು ಆಂಟಿಬಯೋಟಿಕ್ ಇನ್ನೂ ಬೀಳುತ್ತಿತ್ತು. ಅದು ಎರಿತ್ರೊಮೈಸಿನ್ ಗುಂಪಿಗೆ ಸೇರಿದ್ದು, ವ್ಯಾಂಕೊಮೈಸಿನ್‌ಗೂ ಅದಕ್ಕೂ ಸಂಬಂಧವೇ ಇಲ್ಲ. ಆದರೆ ಹಂದಿಗಳ ಬ್ಯಾಕ್ಟೀರಿಯಾಗಳಲ್ಲಿ ವ್ಯಾಂಕೊಮೈಸಿನ್ ತಡೆಯುವ ಜೀನ್, ಟೈಲೋಸಿನ್ ತಡೆಯುವ ಜೀನ್ ಎರಡೂ ಒಂದೇ ಪ್ಲಾಸ್ಮಿಡ್ ಮೇಲೆ ಅಕ್ಕಪಕ್ಕ ಕೂತಿದ್ದವು. ಟೈಲೋಸಿನ್ ಬಿದ್ದಾಗಲೆಲ್ಲ ಆ ಪ್ಲಾಸ್ಮಿಡ್ ಇದ್ದ ಬ್ಯಾಕ್ಟೀರಿಯಾ ಬದುಕಿತು, ಜೊತೆಗೆ ವ್ಯಾಂಕೊಮೈಸಿನ್ ತಡೆಯುವ ಜೀನ್ ಕೂಡ ಪುಕ್ಕಟೆಯಾಗಿ ಉಳಿಯಿತು. 1998 ಮತ್ತು 1999ರಲ್ಲಿ ಬೆಳವಣಿಗೆಗಾಗಿ ಟೈಲೋಸಿನ್ ಕೊಡುವುದು ನಿಂತಿತು. 2000ರಲ್ಲಿ ಹಂದಿಗಳ ಅಂಕಿ 6%ಗೆ ಬಂತು.

ಎಲ್ಲ ಪ್ರಾಣಿಗಳನ್ನೂ ಸೇರಿಸಿ ಒಂದೇ ಸರಾಸರಿ ತೆಗೆದಿದ್ದರೆ ಈ ಗಂಟು ಕಾಣುತ್ತಲೇ ಇರಲಿಲ್ಲ. ಬ್ಯಾಕ್ಟೀರಿಯಾ ಮಾತ್ರ ಎಣಿಸಿ ಔಷಧದ ಲೆಕ್ಕ ಇಡದಿದ್ದರೆ ಕಾಣುತ್ತಿತ್ತು, ಬಿಚ್ಚಲು ಆಗುತ್ತಿರಲಿಲ್ಲ. ಪ್ರತಿರೋಧದ ಸಮೀಕ್ಷೆ ಅಂದರೆ ಬ್ಯಾಕ್ಟೀರಿಯಾ ಪರೀಕ್ಷೆ ಮಾತ್ರ ಅಂದುಕೊಂಡು ಹಣ ಇಡುವ ಸರ್ಕಾರಗಳಿಗೆ ನಾನು ತೋರಿಸಬಯಸುವುದು ಈ ಹಂದಿಗಳನ್ನೇ.

ಔಷಧದ ಲೆಕ್ಕವನ್ನು ಕಿಲೋದಲ್ಲಿ ಇಟ್ಟರೂ ಸಾಲದು. ಹಸುವಿನ ಒಂದು ಕಿಲೋ ಮೈತೂಕಕ್ಕೆ ಆಕ್ಸಿಟೆಟ್ರಾಸೈಕ್ಲಿನ್ ಇಂಜೆಕ್ಷನ್ ದಿನಕ್ಕೆ ಸುಮಾರು 10 ಮಿಲಿಗ್ರಾಂ ಬೇಕು. ಸೆಫ್ಟಿಯೋಫರ್ ಆದರೆ ಸುಮಾರು 1 ಮಿಲಿಗ್ರಾಂ ಸಾಕು. 400 ಕಿಲೋ ಹಸುವಿಗೆ ಒಂದು 4 ಗ್ರಾಂ, ಇನ್ನೊಂದು ಅರ್ಧ ಗ್ರಾಂಗೂ ಕಡಿಮೆ. ಒಂದು ಜಿಲ್ಲೆಯ ರೈತರೆಲ್ಲ ಮೊದಲನೆಯದನ್ನು ಬಿಟ್ಟು ಎರಡನೆಯದಕ್ಕೆ ಹೋದರು ಅಂತಿಟ್ಟುಕೊಳ್ಳಿ. ಕಿಲೋ ಲೆಕ್ಕದಲ್ಲಿ ಬಳಕೆ ಹತ್ತರಲ್ಲಿ ಒಂಬತ್ತು ಪಾಲು ಇಳಿದಿದೆ ಅಂತ ವರದಿ ಬರುತ್ತದೆ. ನಿಜದಲ್ಲಿ ಅಲ್ಲಿ ಹಳೆಯ ಔಷಧ ಹೋಗಿ, ಮನುಷ್ಯರ ಗಂಭೀರ ಸೋಂಕಿಗೆ ಬೇಕಾದ ಗುಂಪಿನ ಔಷಧ ಬಂದಿರುತ್ತದೆ. ಪರಿಸ್ಥಿತಿ ಹಾಳಾಗಿರುತ್ತದೆ.

ಡೆನ್ಮಾರ್ಕ್‌ನಲ್ಲಿ 2000ದಿಂದ ವೆಟ್‌ಸ್ಟ್ಯಾಟ್ ಎಂಬ ದಾಖಲೆ ಇದೆ. ಪಶುವೈದ್ಯರು ಬರೆದ ಔಷಧ ಯಾವ ಫಾರಂಗೆ, ಯಾವ ಪ್ರಾಣಿಗೆ, ಎಷ್ಟು ವಯಸ್ಸಿನದಕ್ಕೆ ಹೋಯಿತು ಎಂಬುದು ಅದರಲ್ಲಿ ಸೇರುತ್ತದೆ. ಕಿಲೋ ಬದಲು ಎಷ್ಟು ಪ್ರಾಣಿಗೆ ಎಷ್ಟು ದಿನದ ಡೋಸ್ ಅಂತ ಲೆಕ್ಕ ಹಾಕುತ್ತಾರೆ. ಅದಕ್ಕೂ ಮುಂಚೆ, 1990ರ ದಶಕದ ನಡುವಿನಲ್ಲೇ, ಪಶುವೈದ್ಯರು ಔಷಧ ಮಾರಿ ಲಾಭ ಮಾಡುವುದಕ್ಕೆ ಕಡಿವಾಣ ಬಿದ್ದಿತ್ತು. ಬರೆಯುವವರೇ ಮಾರುವವರಾದರೆ ಬರೆಯುವುದು ಜಾಸ್ತಿಯಾಗುವುದು ಸಹಜ ಅಲ್ವಾ? 2010ರಲ್ಲಿ ಹಳದಿ ಕಾರ್ಡ್ ಪದ್ಧತಿ ಬಂತು. ದೇಶದ ಸರಾಸರಿಯ ಎರಡು ಪಟ್ಟಿಗಿಂತ ಹೆಚ್ಚು ಬಳಸುವ ಹಂದಿ ಫಾರಂಗೆ ಸರ್ಕಾರದ ಎಚ್ಚರಿಕೆ ಹೋಗುತ್ತಿತ್ತು. ಮುಂದೆ ಮನುಷ್ಯರಿಗೆ ಮುಖ್ಯವಾದ ಔಷಧಗಳಿಗೆ ಲೆಕ್ಕದಲ್ಲಿ ಹೆಚ್ಚಿನ ಗುಣಾಕಾರ ಹಾಕಿದರು, ಅಂಕಿ ಇಳಿಸಲು ಅಪಾಯದ ಔಷಧಕ್ಕೆ ಜಿಗಿಯುವ ದಾರಿ ಹಾಗೆ ಮುಚ್ಚಿತು.

ಫೀಡ್‌ನಿಂದ ಆಂಟಿಬಯೋಟಿಕ್ ತೆಗೆದ ಮೇಲೆ ರೈತರಿಗೆ ನಷ್ಟ ಆಗಲಿಲ್ಲವಾ ಎಂಬ ಪ್ರಶ್ನೆ ನ್ಯಾಯವಾದದ್ದು. ತಾಯಿ ಹಾಲು ಬಿಡಿಸಿದ ಹಂದಿಮರಿಗಳಲ್ಲಿ ಭೇದಿ ಜಾಸ್ತಿಯಾಯಿತು, ಅದಕ್ಕೆ ಚಿಕಿತ್ಸೆಯ ಔಷಧವೂ ಏರಿತು. ಆದರೆ ಫೀಡ್‌ನಿಂದ ಹೋದ ಪ್ರಮಾಣಕ್ಕೆ ಹೋಲಿಸಿದರೆ ಏರಿದ್ದು ಕಡಿಮೆ, ಒಟ್ಟು ಬಳಕೆ ಇಳಿದೇ ಇತ್ತು. ವಿಶ್ವ ಆರೋಗ್ಯ ಸಂಸ್ಥೆ 2002ರಲ್ಲಿ ಹೊರದೇಶದ ತಜ್ಞರನ್ನು ಕರೆಸಿ ಇದನ್ನೆಲ್ಲ ಪರಿಶೀಲಿಸಿತು. ಹಂದಿ ಸಾಕಣೆ ಕುಸಿಯಲಿಲ್ಲ. ಇಂದಿಗೂ ಅದು ವರ್ಷಕ್ಕೆ ಎರಡೂವರೆ ಕೋಟಿಗೂ ಹೆಚ್ಚು ಹಂದಿ ಬೆಳೆಸುವ ದೇಶ. ಎಲ್ಲವೂ ಸರಿಹೋಯಿತು ಅಂತ ಇದರ ಅರ್ಥವಲ್ಲ. ಹಂದಿಗಳಲ್ಲಿ ಎಂಆರ್‌ಎಸ್‌ಎ ಎಂಬ ಬಗ್ಗದ ಸ್ಟೆಫೈಲೋಕಾಕಸ್ ಅಲ್ಲಿ 2008ರ ನಂತರ ವಿಪರೀತ ಹಬ್ಬಿತು. ಅದು ಹಬ್ಬಿದ್ದು ಗೊತ್ತಾದದ್ದೂ ಎಣಿಸುತ್ತಿದ್ದುದರಿಂದಲೇ.

ದೇಶದ ಸರಾಸರಿ ಸಾಲದು

ಇನ್ನು ಕೆನಡಾದ ಕ್ವಿಬೆಕ್ ಪ್ರಾಂತ್ಯಕ್ಕೆ ಬರೋಣ. ಅಲ್ಲಿನ ಹ್ಯಾಚರಿಗಳಲ್ಲಿ ಮರಿ ಹೊರಬರುವ ಮುಂಚೆಯೇ ಮೊಟ್ಟೆಯೊಳಗೆ ಸೆಫ್ಟಿಯೋಫರ್ ಚುಚ್ಚುತ್ತಿದ್ದರು. ಲಸಿಕೆ ಹೇಗೂ ಯಂತ್ರದಿಂದ ಚುಚ್ಚುತ್ತಾರೆ, ಜೊತೆಗೆ ಮರಿಗಳ ಹೊಕ್ಕುಳ ಸೋಂಕು ತಡೆಯಲು ಇದೂ ಒಂದು. ಸಾಲ್ಮೊನೆಲ್ಲಾ ಅಂದರೆ ಮನುಷ್ಯರಿಗೆ ಭೇದಿ, ಜ್ವರ ತರುವ ಬ್ಯಾಕ್ಟೀರಿಯಾ. ಸೆಫ್ಟಿಯೋಫರ್‌ಗೆ ಬಗ್ಗದ ಸಾಲ್ಮೊನೆಲ್ಲಾ, ಆಸ್ಪತ್ರೆಯಲ್ಲಿ ಮಕ್ಕಳಿಗೆ, ಗರ್ಭಿಣಿಯರಿಗೆ ಕೊಡುವ ಸೆಫ್ಟ್ರಿಯಾಕ್ಸೋನ್‌ಗೂ ಬಗ್ಗುವುದಿಲ್ಲ. ಕೆನಡಾದ ಸಮೀಕ್ಷೆಯವರು ಅಂಗಡಿಗಳಲ್ಲಿ ಮಾರುವ ಕೋಳಿ ಮಾಂಸವನ್ನು ಪ್ರಾಂತ್ಯವಾರು ಕೊಂಡು ಪರೀಕ್ಷಿಸುತ್ತಿದ್ದರು. ಕ್ವಿಬೆಕ್‌ನ ಕೋಳಿಯಲ್ಲಿ ಸಿಕ್ಕ, ಹೈಡಲ್‌ಬರ್ಗ್ ಎಂಬ ಬಗೆಯ ಸಾಲ್ಮೊನೆಲ್ಲಾದಲ್ಲಿ 62% ಸೆಫ್ಟಿಯೋಫರ್‌ಗೆ ಬಗ್ಗದವು. ಮನುಷ್ಯರ ಸೋಂಕಿನಲ್ಲೂ ಅದೇ ಏರಿಕೆ.

ಈ ಅಂಕಿಗಳು ಹೊರಬಂದ ಮೇಲೆ 2005ರಲ್ಲಿ ಹ್ಯಾಚರಿಗಳೇ ಸ್ವಂತ ಇಚ್ಛೆಯಿಂದ ಆ ಔಷಧ ನಿಲ್ಲಿಸಿದವು. 62% ಇದ್ದದ್ದು 7%ಗೆ ಬಂತು. ಆಮೇಲೆ ಕೆಲವು ಕಡೆ ಮತ್ತೆ ಬಳಕೆ ಶುರುವಾಯಿತು. ಅಂಕಿ 20%ಗೆ ಏರಿತು. ಕೋಳಿಗಳ ಇ. ಕೊಲೈ ಕೂಡ ಅದೇ ದಾರಿಯಲ್ಲಿ ನಡೆಯಿತು: 34, ಆಮೇಲೆ 6, ಆಮೇಲೆ 19. ಇಳಿದದ್ದು ಕಾಕತಾಳೀಯ ಅಂತ ಯಾರಾದರೂ ಹೇಳಬಹುದಿತ್ತು. ಇಳಿದು, ಮತ್ತೆ ಏರಿದ್ದನ್ನು ಹಾಗೆ ತಳ್ಳಿಹಾಕುವುದು ಕಷ್ಟ. 2014ರಲ್ಲಿ ಕೆನಡಾದ ಕೋಳಿ ಉದ್ಯಮ ಈ ಗುಂಪಿನ ಔಷಧಗಳನ್ನು ಮುಂಜಾಗ್ರತೆಗಾಗಿ ಕೊಡುವುದನ್ನು ದೇಶಪೂರ್ತಿ ಕೈಬಿಟ್ಟಿತು.

ಇದು ಕಂಡದ್ದು ಪ್ರಾಂತ್ಯವಾರು ಎಣಿಸಿದ್ದರಿಂದ. ನಮ್ಮ ರಾಜ್ಯದ ಸರಾಸರಿ ಮಳೆ ಎಷ್ಟು ಅಂತ ಹೇಳಿದರೆ ಆಗುಂಬೆಯವರಿಗೂ ಪ್ರಯೋಜನವಿಲ್ಲ, ಚಳ್ಳಕೆರೆಯವರಿಗೂ ಇಲ್ಲ. ಅದಕ್ಕೇ ಗ್ರಾಮ ಪಂಚಾಯಿತಿ ಮಟ್ಟಕ್ಕೆ ಮಳೆಮಾಪಕ ಇಟ್ಟಿದ್ದೇವೆ. ಪ್ರತಿರೋಧವೂ ಊರೂರಿಗೆ ಬದಲಾಗುವಂಥದ್ದು. ಯಾವ ಹ್ಯಾಚರಿ, ಯಾವ ಫೀಡ್ ಕಂಪನಿ, ಯಾವ ಔಷಧ ಅಂಗಡಿ ಎಂಬುದರ ಮೇಲೆ ನಿಂತದ್ದು.

ನಮ್ಮ ಕಡೆ

ಭಾರತದಲ್ಲಿ ಒಂದೊಂದು ಅಧ್ಯಯನ ಬೇಕಾದಷ್ಟಿವೆ. ಪಂಜಾಬಿನ 18 ಕೋಳಿ ಫಾರಂಗಳಲ್ಲಿ ನಡೆದು 2017ರಲ್ಲಿ ಪ್ರಕಟವಾದ ಅಧ್ಯಯನ ಅದರಲ್ಲಿ ಮುಖ್ಯವಾದದ್ದು. ಸೆಫ್ಟಿಯೋಫರ್, ಸೆಫ್ಟ್ರಿಯಾಕ್ಸೋನ್ ಸೇರಿದ ಸೆಫಲೋಸ್ಪೋರಿನ್ ಗುಂಪಿನ ಔಷಧಗಳನ್ನು ಒಡೆದುಹಾಕುವ ಕಿಣ್ವ ತಯಾರಿಸುವ ಇ. ಕೊಲೈ, ಮಾಂಸದ ಕೋಳಿಗಳಲ್ಲಿ 87%, ಮೊಟ್ಟೆ ಕೋಳಿಗಳಲ್ಲಿ 42%. ಭಯ ಹುಟ್ಟಿಸುವ ಅಂಕಿ. ಆದರೆ ಅದೇ ಫಾರಂಗಳಲ್ಲಿ ಮುಂದಿನ ವರ್ಷ ಏನಾಯಿತು? ಅದು ಒಂದು ಅಧ್ಯಯನದ ಕೆಲಸವಲ್ಲ, ನಿರಂತರ ವ್ಯವಸ್ಥೆಯ ಕೆಲಸ.

ಅಂಥ ವ್ಯವಸ್ಥೆ ಶುರುವಾಗಿದೆ. ಭಾರತೀಯ ಕೃಷಿ ಸಂಶೋಧನಾ ಪರಿಷತ್ತು, ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ನೆರವಿನಿಂದ ಇನ್‌ಫಾರ್ ಎಂಬ ಲ್ಯಾಬ್‌ಗಳ ಜಾಲ ಕಟ್ಟಿದೆ. ಜಾನುವಾರು, ಕೋಳಿ, ಮೀನು ಇದರ ವ್ಯಾಪ್ತಿ. 2019ರಿಂದ 2022ರವರೆಗಿನ ಮಾಹಿತಿಯ ವರದಿಯೂ ಬಂದಿದೆ. ಪಶುರೋಗಗಳ ಲೆಕ್ಕಾಚಾರಕ್ಕೇ ಮೀಸಲಾದ ರಾಷ್ಟ್ರೀಯ ಸಂಸ್ಥೆ ನಿವೇದಿ ಇರುವುದು ಬೆಂಗಳೂರಿನ ಯಲಹಂಕದಲ್ಲಿ. ಮನುಷ್ಯರ ಕಡೆ ಐಸಿಎಂಆರ್‌ನ ಜಾಲ 2013ರಿಂದ ಇದೆ. ಎರಡೂ ಬೇರೆ ಬೇರೆ ವರದಿ. ಒಂದೇ ಮೇಜಿನ ಮೇಲೆ ಇನ್ನೂ ಬಂದಿಲ್ಲ.

2019ರ ಜುಲೈನಲ್ಲಿ ಕೇಂದ್ರ ಸರ್ಕಾರ ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆ ಕೊಲಿಸ್ಟಿನ್ ನಿಷೇಧಿಸಿತು. ನಾನು ಮನಸಾರೆ ಮೆಚ್ಚುವ ನಿರ್ಧಾರ ಅದು. ಐಸಿಯುನಲ್ಲಿ ಬೇರೆ ಏನೂ ಉಳಿಯದಾಗ ಕೊಡುವ ಔಷಧ ಕೊಲಿಸ್ಟಿನ್. ಚೀನಾ ಅದನ್ನು ಫೀಡ್‌ನಿಂದ 2017ರಲ್ಲಿ ತೆಗೆದಾಗ, ಮೊದಲಿನ ಲೆಕ್ಕ ಅವರ ಕೈಯಲ್ಲಿತ್ತು. ಹಂದಿಗಳಲ್ಲಿ ಕೊಲಿಸ್ಟಿನ್‌ಗೆ ಬಗ್ಗದ ಇ. ಕೊಲೈ 34%ರಿಂದ ಎರಡು ವರ್ಷದಲ್ಲಿ 5.1%ಗೆ ಇಳಿದದ್ದನ್ನು ತೋರಿಸಲು ಅವರಿಗೆ ಸಾಧ್ಯವಾಯಿತು. ನಮ್ಮಲ್ಲೂ ಪ್ರತಿ ರಾಜ್ಯ ಇಂಥದ್ದೊಂದು ಸಾಲು ಬರೆಯುವಂತಾಗಬೇಕು.

ಡೆನ್ಮಾರ್ಕ್‌ನ ವಿಧಾನವನ್ನು ಹಾಗೇ ತಂದು ಇಲ್ಲಿ ಕೂರಿಸಲು ಆಗುವುದಿಲ್ಲ. ಅಲ್ಲಿ ಪ್ರಾಣಿಗಳೆಲ್ಲ ದೊಡ್ಡ ಕಸಾಯಿಖಾನೆಗೆ ಬರುತ್ತವೆ, ಯಾವ ಫಾರಂನದು ಅಂತ ದಾಖಲೆ ಇರುತ್ತದೆ. ನಮ್ಮಲ್ಲಿ ಬಹುಪಾಲು ಕೋಳಿ ಕೊಯ್ಯುವುದು ಬೀದಿಯ ಚಿಕನ್ ಅಂಗಡಿಯಲ್ಲಿ, ಗಿರಾಕಿಯ ಕಣ್ಣೆದುರೇ. ಆ ಕೋಳಿ ಕೋಲಾರದ್ದೋ ತುಮಕೂರಿನದೋ, ಪಂಜರದಲ್ಲಿ ಪಕ್ಕದ್ದು ಯಾವ ಫಾರಂನದೋ, ಅಂಗಡಿಯವರಿಗೂ ಗೊತ್ತಿರುವುದಿಲ್ಲ. ಅಂಗಡಿಯಲ್ಲಿ ತೆಗೆದ ಸ್ಯಾಂಪಲ್ ತಿನ್ನುವವರ ಅಪಾಯ ಹೇಳುತ್ತದೆ, ಫಾರಂನ ಕತೆ ಹೇಳುವುದಿಲ್ಲ. ಫಾರಂನ ಕತೆ ಬೇಕಾದರೆ ಶೆಡ್‌ಗೇ ಹೋಗಬೇಕು. ಬೂಟಿನ ಮೇಲೆ ಶುದ್ಧ ಬಟ್ಟೆಯ ಕವಚ ತೊಟ್ಟು ಶೆಡ್‌ನ ಉದ್ದಕ್ಕೂ ನಡೆದು, ಅದಕ್ಕೆ ಮೆತ್ತಿದ ಹಿಕ್ಕೆಯನ್ನೇ ಸ್ಯಾಂಪಲ್ ಮಾಡುವ ಸುಲಭ ವಿಧಾನ ಇದೆ. ಕೋಳಿಗೆ ನೋವಿಲ್ಲ, ರೈತರಿಗೆ ಖರ್ಚಿಲ್ಲ.

ರೈತರನ್ನು ಕೇಳಿದರೂ ಔಷಧದ ಲೆಕ್ಕ ಎಷ್ಟೋ ಸಲ ಸಿಗುವುದಿಲ್ಲ, ಅದು ಅವರ ತಪ್ಪೂ ಅಲ್ಲ. ಗುತ್ತಿಗೆ ಸಾಕಣೆಯಲ್ಲಿ ಮರಿ, ಫೀಡ್, ಔಷಧ ಎಲ್ಲ ಕಂಪನಿಯದು. ರೈತರದು ಶೆಡ್, ಕರೆಂಟು, ದುಡಿಮೆ. ಮೂಟೆಯೊಳಗೆ ಏನು ಬೆರೆತಿದೆ ಎಂಬುದನ್ನು ಹೇಳಬೇಕಾದವರು ಮೂಟೆ ಕಳಿಸಿದವರು.

ಹಾಲಿನಲ್ಲಿ ಮಾತ್ರ ಕರ್ನಾಟಕಕ್ಕೆ ಅಪರೂಪದ ಅನುಕೂಲ ಇದೆ. ಹಳ್ಳಿಯ ಡೈರಿಯಲ್ಲಿ ಬೆಳಿಗ್ಗೆ, ಸಂಜೆ ಒಬ್ಬೊಬ್ಬರ ಹಾಲನ್ನೂ ಬೇರೆಬೇರೆಯಾಗಿ ಅಳೆದು, ಹೆಸರಿನ ಮುಂದೆ ಬರೆದುಕೊಳ್ಳುತ್ತಾರೆ. ಯಾವ ಮನೆ, ಯಾವ ಊರು ಎಂಬ ದಾಖಲೆ ಆಗಲೇ ಇದೆ. ಹಸುವಿಗೆ ಕೆಚ್ಚಲು ಬಾವು ಬಂದಾಗ ಸಾಮಾನ್ಯವಾಗಿ ಏನಾಗುತ್ತದೆ ನೋಡಿ. ಹಾಲು ಒಡೆದ ಹಾಗೆ ಗಂಟುಗಂಟಾಗಿ ಬರುತ್ತದೆ, ಕೆಚ್ಚಲು ಬಿಸಿಯಾಗಿ ಗಟ್ಟಿಯಾಗುತ್ತದೆ. ಮೊಲೆಯೊಳಗೆ ಟ್ಯೂಬ್ ಏರಿಸಿ, ಇಂಜೆಕ್ಷನ್ ಕೊಟ್ಟು ಚಿಕಿತ್ಸೆ ಶುರು ಮಾಡುತ್ತಾರೆ. ಮೂರನೇ ದಿನಕ್ಕೆ ಹಾಲು ತಿಳಿಯಾದರೆ ಎಷ್ಟೋ ಮನೆಯಲ್ಲಿ ಅಲ್ಲಿಗೇ ನಿಲ್ಲುತ್ತದೆ. ಆಗದಿದ್ದರೆ ಔಷಧ ಬದಲಾಗುತ್ತದೆ. ಆ ಬಾವು ತಂದ ಬ್ಯಾಕ್ಟೀರಿಯಾ ಯಾವ ಔಷಧಕ್ಕೆ ಬಗ್ಗುತ್ತದೆ ಅಂತ ಲ್ಯಾಬ್ ಹೇಳಬೇಕಾದರೆ ಎರಡು ಮೂರು ದಿನ ಬೇಕು. ಹಾಲು ಕರೆದು ದಿನದ ಖರ್ಚು ತೂಗಿಸುವ ಮನೆಗೆ ಅಷ್ಟು ಕಾಯುವುದು ಸುಲಭವಲ್ಲ. ನಮ್ಮ ತಾಲೂಕಿನಲ್ಲಿ ಕಳೆದ ವರ್ಷ ಕೆಚ್ಚಲು ಬಾವಿನ ಬ್ಯಾಕ್ಟೀರಿಯಾ ಯಾವುದಕ್ಕೆ ಬಗ್ಗಿತು, ಯಾವುದಕ್ಕೆ ಬಗ್ಗಲಿಲ್ಲ ಎಂಬ ಒಂದು ಪುಟದ ಪಟ್ಟಿ ಪಶುವೈದ್ಯರ ಮೇಜಿನ ಮೇಲಿದ್ದರೆ, ಮೊದಲ ಇಂಜೆಕ್ಷನ್ನೇ ಸರಿಯಾದದ್ದಾಗುವ ಸಾಧ್ಯತೆ ಹೆಚ್ಚು. ಸಮೀಕ್ಷೆಯ ಫಲ ರೈತರಿಗೆ ಮುಟ್ಟುವುದು ಅಲ್ಲಿ. ಅಂಕಿಗಳು ದಿಲ್ಲಿಯ ವರದಿಯಲ್ಲಿ ಮಾತ್ರ ಉಳಿದರೆ ಸ್ಯಾಂಪಲ್ ಕೊಟ್ಟ ಹಸುವಿಗೂ, ಅದರ ಯಜಮಾನರಿಗೂ ಏನೂ ಸಿಗುವುದಿಲ್ಲ.

ಇನ್ನು ಬಾಕಿ ಇರುವುದು ಔಷಧದ ಲೆಕ್ಕ. ಭಾರತದ ಪಶುಗಳಿಗೆ ಎಷ್ಟು ಆಂಟಿಬಯೋಟಿಕ್ ಹೋಗುತ್ತಿದೆ ಎಂಬುದಕ್ಕೆ ಇದುವರೆಗೆ ಹೆಚ್ಚಾಗಿ ಓಡಾಡುತ್ತಿರುವುದು ಅಂದಾಜುಗಳೇ. 2010ರ ಬಳಕೆಯ ಬಗ್ಗೆ ವಿಜ್ಞಾನಿಗಳು ಮಾಡಿದ ಒಂದು ಅಂದಾಜಿನಲ್ಲಿ ಭಾರತಕ್ಕೆ ಜಗತ್ತಿನಲ್ಲಿ ನಾಲ್ಕನೇ ಸ್ಥಾನ, ಸುಮಾರು 3% ಪಾಲು. ಯಾವ ರಾಜ್ಯ, ಯಾವ ಪ್ರಾಣಿ, ಯಾವ ಔಷಧ ಎಂಬುದು ಅದರಿಂದ ತಿಳಿಯುವುದಿಲ್ಲ. ಹಾಗಂತ ಲೆಕ್ಕ ಇಡುವ ಅಭ್ಯಾಸ ನಮಗೆ ಹೊಸದೇನಲ್ಲ. 2014ರಿಂದ ಔಷಧ ಅಂಗಡಿಗಳಲ್ಲಿ ಎಚ್1 ಪಟ್ಟಿಯ ಔಷಧ ಮಾರಿದರೆ, ಬರೆದ ವೈದ್ಯರ ಹೆಸರು, ರೋಗಿಯ ಹೆಸರು, ಔಷಧ, ಪ್ರಮಾಣ ಎಲ್ಲವನ್ನೂ ಬೇರೆಯೇ ರಿಜಿಸ್ಟರ್‌ನಲ್ಲಿ ಬರೆದು ಮೂರು ವರ್ಷ ಇಡಬೇಕು. ಮೂರನೇ ಪೀಳಿಗೆಯ ಸೆಫಲೋಸ್ಪೋರಿನ್‌ಗಳು ಆ ಪಟ್ಟಿಯಲ್ಲಿವೆ. ಪಶು ಔಷಧ ಮಾರುವ ಕಡೆಯಲ್ಲೆಲ್ಲ ಅಂಥ ರಿಜಿಸ್ಟರ್‌ಗೆ ಯಾವ ಪ್ರಾಣಿ, ಯಾವ ತಾಲೂಕು ಎಂಬ ಎರಡು ಕಾಲಂ ಸೇರಿಸಬೇಕು. ಫೀಡ್ ಮಿಲ್‌ಗಳು ತಾವು ಬೆರೆಸಿದ್ದನ್ನು ತಿಂಗಳಿಗೊಮ್ಮೆ ಪಶುಪಾಲನಾ ಇಲಾಖೆಗೆ ಬರೆದುಕೊಡಬೇಕು. ಕರ್ನಾಟಕದಲ್ಲಿ ಈ ಕೆಲಸವನ್ನು ಒಂದೆರಡು ಜಿಲ್ಲೆಯಿಂದ ಶುರು ಮಾಡುವುದಾದರೆ, ಕೋಳಿ ಮತ್ತು ಹಾಲು ಎರಡೂ ಜೋರಾಗಿರುವ ಕೋಲಾರ, ಚಿಕ್ಕಬಳ್ಳಾಪುರ ಒಳ್ಳೆಯ ಜಾಗ. ಯಲಹಂಕದ ಲ್ಯಾಬ್ ಕೂಡ ಅಲ್ಲಿಂದ ದೂರವಿಲ್ಲ.